ಬಹುಮತಕ್ಕೂ ಒಂದು ಮೇರೆ

ಶಾಸನಗಳಲ್ಲಿ ಕೋಗಳಿ ಐನೂರೆಂದು ಹೆಸರಾದ ನಮ್ಮ ನಾಡು ಶತಮಾನಗಳಿಂದ ಕನ್ನಡದ ನೆಲ. ಆದರೂ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದುದು 1953ರ ಅಕ್ಟೋಬರ್ 1ರಂದು. ಅದೇ ದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದುವು. ಗೆರೆಯಾಚೆ ಉಳಿದ ಕನ್ನಡಿಗರೂ ಈಚೆ ಉಳಿದ ತೆಲುಗರೂ ಒಂದೇ ದಿನದಲ್ಲಿ ಅಲ್ಪಸಂಖ್ಯಾತರಾದರು.

ಎಣಿಕೆಯಿಂದ ಗಡಿ ನಿರ್ಣಯವಾಗಬಹುದು. ಮನುಷ್ಯನ ಹಕ್ಕು ನಿರ್ಣಯವಾಗಕೂಡದು. ಉದಾರವಾದದ ತಿರುಳು ಇದೇ. ಅರಸನ ಅಧಿಕಾರಕ್ಕೆ ಮೇರೆಯಿರಬೇಕೆಂದು ಹೊರಟ ಆ ತತ್ತ್ವವು, ಪ್ರಜೆಗಳೇ ಅರಸರಾಗತೊಡಗಿದಾಗ, ಬಹುಮತಕ್ಕೂ ಮೇರೆ ಬೇಕೆಂದಿತು. ಜಾನ್ ಸ್ಟುವರ್ಟ್ ಮಿಲ್ಲನು 1859ರಲ್ಲಿಯೇ ಈ ಎಚ್ಚರಿಕೆಯನ್ನು ಕೊಟ್ಟಿದ್ದನು. ಒಪ್ಪುವುದು ಸುಲಭ, ಬಹುಮತವು ನಮ್ಮದೇ ಆದಾಗ ನಡೆಸುವುದು ಕಷ್ಟ.

ನಮಗೆ ಆ ಪರೀಕ್ಷೆ ಬಂದುದು ಶಾಲೆಯಲ್ಲಿ. ಮೊದಲ ನಾಲ್ಕು ತರಗತಿಗಳಿಗೆ ತಾಯ್ನುಡಿ ಇಲ್ಲವೆ ಕನ್ನಡವೇ ಮಾಧ್ಯಮವಾಗಬೇಕೆಂದು ಕರ್ನಾಟಕ ಸರಕಾರವು 1994ರಲ್ಲಿ ಆಜ್ಞೆ ಮಾಡಿತು. ಮಾಧ್ಯಮದ ಆಯ್ಕೆ ಪೋಷಕರದು, ಸರಕಾರವು ಹೇರಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಕನ್ನಡಾಭಿಮಾನಿಗಳು ನೊಂದರು, ನಾವೂ ನೊಂದೆವು. ಆದರೆ ಮುಂದೆ ನಡೆದುದನ್ನು ವಾಚಕರು ಗಮನಿಸಬೇಕು. ಆಂಧ್ರ ಸರಕಾರವು 2019ರಲ್ಲಿ ಸರಕಾರಿ ಶಾಲೆಗಳ ಕೆಳತರಗತಿಗಳಿಗೆ ಇಂಗ್ಲಿಷನ್ನೇ ಕಡ್ಡಾಯ ಮಾಧ್ಯಮವನ್ನಾಗಿ ಮಾಡಹೊರಟಾಗ, 2020ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಗೊಳಿಸಿತು. ಇಲ್ಲಿ ಕನ್ನಡದ ಕೈ ಕಟ್ಟಿದ ಆಯ್ಕೆಯ ಸ್ವಾತಂತ್ರ್ಯವೇ ಅಲ್ಲಿ ದೇಶಭಾಷೆಯ ಕೈ ಹಿಡಿಯಿತು. ಇಂದು ನಾವು ಬೇಡುವ ಬಲಾತ್ಕಾರದ ಅಧಿಕಾರವು ನಾಳೆ ಯಾರ ಕೈ ಸೇರುವುದೆಂದು ಬಲ್ಲವರಾರು?

ಹಾಗೆಂದು ಉದಾರವಾದವು ನಿರ್ದೋಷಿಯೆಂದಲ್ಲ. ಹಣವುಳ್ಳವನಿಗೆ ಮಾತ್ರ ದಕ್ಕುವ ಆಯ್ಕೆಯು ಆಯ್ಕೆಯೇ? ಊರ ಕನ್ನಡ ಶಾಲೆಯಲ್ಲಿ ಸಾಕಷ್ಟು ಉಪಾಧ್ಯಾಯರಿಲ್ಲದಿದ್ದರೆ, ಸಾಲ ಮಾಡಿ ಮಗನನ್ನು ಪೇಟೆಯ ಶಾಲೆಗೆ ಕಳುಹುವ ರೈತನು ಆರಿಸಿಕೊಂಡವನಲ್ಲ, ಓಡಿಹೋದವನು. ಸ್ವಾತಂತ್ರ್ಯವನ್ನು ಕಾಗದದ ಮೇಲೆ ಕೊಟ್ಟು ಸಾಧನವನ್ನು ಕೊಡದಿರುವುದು ಈ ತತ್ತ್ವದ ದೊಡ್ಡ ಕುಂದು.

ಆದುದರಿಂದ ನಮ್ಮ ಕರ್ತವ್ಯವು ಎರಡು ಬಗೆ. ಕನ್ನಡ ಶಾಲೆಯು ಕಡ್ಡಾಯವಾಗಲೆಂದು ಕೂಗುವುದಕ್ಕಿಂತ, ಜನರು ತಾವಾಗಿ ಆರಿಸಿಕೊಳ್ಳುವಷ್ಟು ಚೆನ್ನಾಗಲೆಂದು ದುಡಿಯೋಣ; ಉಪಾಧ್ಯಾಯರನ್ನೂ ಕಟ್ಟಡವನ್ನೂ ಸರಕಾರದಿಂದ ಹಕ್ಕಾಗಿ ಕೇಳೋಣ. ಎರಡನೆಯದಾಗಿ, ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲಗಳನ್ನು ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಹೇಳುತ್ತದೆ. ಆದವಾನಿಯ ಕನ್ನಡ ಕೂಸಿಗೆ ನಾವು ಬೇಡುವುದನ್ನು ಬಳ್ಳಾರಿಯ ತೆಲುಗು ಕೂಸಿಗೆ ಮೊದಲು ನಾವೇ ಕೊಡಬೇಕು. ಆಗ ನಮ್ಮ ಬೇಡಿಕೆಯು ನ್ಯಾಯವೆನಿಸುವುದು. ಇಲ್ಲವಾದರೆ ಅದು ಬರಿಯ ಸಂಖ್ಯೆಯ ಸೊಕ್ಕು.