ಗಾಡಿ ಲೆಕ್ಕ: ಪುಲ್ಲಿ ಹೋದ್ರೆ ಹೋಗ್ಲಿ, ಶಾಫ್ಟ್ ಉಳೀಲಿ

ಭಾಗ 1

ಅಮೆರಿಕದ ಹಳೇ ಪಿಕಪ್ ಟ್ರಕ್‌ಗಳ ರೀಲ್ಸ್ ನೋಡೋರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಬಾನೆಟ್ ಮೇಲೆದ್ದಿದೆ. ಒಬ್ಬ ಇಂಜಿನ್ ಮೇಲೆ ಬಗ್ಗಿಕೊಂಡು, ಸೂಪರ್‌ಚಾರ್ಜರ್ ಮೂತಿಯಲ್ಲಿರೋ ಸಣ್ಣ ಪುಲ್ಲಿಯ ಹಿಂದೆ ಎರಡು ಕಬ್ಬಿಣದ ರಾಡ್ ತೂರಿಸಿ ಮೀಟ್ತಾ ಇದ್ದಾನೆ. ಪುಲ್ಲಿ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಆಮೇಲೆ ಸುತ್ತಿಗೆ ಬರುತ್ತೆ, ಅದಾದ ಮೇಲೆ ಗ್ಯಾಸ್ ಟಾರ್ಚ್. ಕೊನೆಗೆ ಪುಲ್ಲಿ "ಟಣ್" ಅಂತ ಹಾರಿ ಬೀಳುತ್ತೆ, ಕಾಮೆಂಟ್ ತುಂಬ ಬೆಂಕಿ ಎಮೋಜಿ.

ಅದೇ ಪುಲ್ಲಿಯನ್ನ ಇನ್ನೊಬ್ಬ ಗ್ರೈಂಡರ್ ಹಿಡಿದು ಕೊಯ್ದು ತೆಗೆದರೆ ಮಾತ್ರ ಜನ ನಗ್ತಾರೆ. "ತೆಗೆಯೋಕೆ ಬರಲ್ಲ ಅಂತ ಕೊಯ್ದ" ಅಂತಾರೆ. ನನ್ನ ಪ್ರಕಾರ ನಗಬೇಕಾಗಿರೋದು ಮೊದಲನೆಯವನನ್ನ ನೋಡಿ. ಕೊಯ್ದವನೇ ಲೆಕ್ಕ ಗೊತ್ತಿರೋ ಮನುಷ್ಯ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಚಹಾ ತಗೊಂಡು ಕೂತ್ಕೊಳ್ಳಿ.

ಭಾಗ 2

ನಾನು ಹೇಳ್ತಿರೋ ಗಾಡಿ ಫೋರ್ಡ್ ಎಫ್-150 ಎಸ್‌ವಿಟಿ ಲೈಟ್ನಿಂಗ್, 1999ರಿಂದ 2004ರವರೆಗೆ ಬಂದ ಮಾಡೆಲ್. ಈಗ "ಲೈಟ್ನಿಂಗ್" ಅಂತ ಹುಡುಕಿದರೆ ಎಲೆಕ್ಟ್ರಿಕ್ ಟ್ರಕ್ ಬರುತ್ತೆ, ಅದಲ್ಲ. ಇದು ಪೆಟ್ರೋಲ್ ಕುಡಿಯೋ 5.4 ಲೀಟರ್ ವಿ8, ಅದರ ತಲೆ ಮೇಲೆ ಈಟನ್ ಎಂ112 ಸೂಪರ್‌ಚಾರ್ಜರ್. ಶುರುವಿನಲ್ಲಿ 360 ಹಾರ್ಸ್‌ಪವರ್ ಇತ್ತು, 2001ರಿಂದ 380 ಮಾಡಿದರು. ಆ ಕಾಲದ ಒಂದು ಪಿಕಪ್‌ಗೆ ಅದು ಸಣ್ಣ ಮಾತಲ್ಲ.

ಎಂ112 ಅನ್ನೋದರಲ್ಲಿ 112 ಅಂದ್ರೆ ಒಂದು ಸುತ್ತಿಗೆ 112 ಘನ ಇಂಚು ಗಾಳಿ, ಸುಮಾರು 1.8 ಲೀಟರ್. ಒಳಗೆ ಎರಡು ರೋಟರ್. ಕಬ್ಬಿನ ಹಾಲು ತೆಗೆಯೋ ಮಷಿನ್‌ನ ರೋಲರ್ ತರ ಅಕ್ಕಪಕ್ಕ ತಿರುಗುತ್ತವೆ, ಆದ್ರೆ ಒಂದಕ್ಕೊಂದು ತಾಗಲ್ಲ. ನಡುವೆ ಕೂದಲೆಳೆಯಷ್ಟು ಜಾಗ. ಆ ಜಾಗ ಕಾಯೋದು ಗೇರ್‌ಗಳು, ಬೇರಿಂಗ್‌ಗಳು. ಇದನ್ನ ನೆನಪಲ್ಲಿಡಿ, ಸುತ್ತಿಗೆ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಸೂಪರ್‌ಚಾರ್ಜರ್ ತಿರುಗೋದು ಬೆಲ್ಟ್‌ನಿಂದ. ಕೆಳಗೆ ಕ್ರ್ಯಾಂಕ್‌ನಲ್ಲಿ ದೊಡ್ಡ ಪುಲ್ಲಿ, ಮೇಲೆ ಸಣ್ಣ ಪುಲ್ಲಿ. ಮೇಲಿನದನ್ನ ಇನ್ನೂ ಸಣ್ಣದು ಮಾಡಿದರೆ ಸೂಪರ್‌ಚಾರ್ಜರ್ ಇನ್ನೂ ಜೋರಾಗಿ ತಿರುಗುತ್ತೆ. ಲೆಕ್ಕ ಸುಲಭ ಆಗಲಿ ಅಂತ ಸುಮ್ಮನೆ ಒಂದು ಅಳತೆ ತಗೊಳ್ಳೋಣ: ಕೆಳಗೆ 7.5 ಇಂಚು, ಮೇಲೆ 3 ಇಂಚು ಇದ್ದರೆ ಇಂಜಿನ್ ಒಂದು ಸುತ್ತಿಗೆ ಸೂಪರ್‌ಚಾರ್ಜರ್ ಎರಡೂವರೆ ಸುತ್ತು. ಮೇಲಿನದನ್ನ 2.5 ಇಂಚು ಮಾಡಿ, ಮೂರು ಸುತ್ತು. ಇಂಜಿನ್ 5000 ಆರ್‌ಪಿಎಂನಲ್ಲಿದ್ದಾಗ 12,500 ಇದ್ದದ್ದು 15,000ಕ್ಕೆ ಹೋಯ್ತು. ಅರ್ಧ ಇಂಚು ಲೋಹ ಕಮ್ಮಿ ಮಾಡಿದ್ದಕ್ಕೆ ಇಷ್ಟು. ಅದಕ್ಕೇ ಲೈಟ್ನಿಂಗ್ ತಗೊಂಡವರು ಮೊದಲು ಮಾಡಿಸ್ತಿದ್ದ ಕೆಲಸಗಳಲ್ಲಿ ಇದೂ ಒಂದು.

ಆದ್ರೆ ಗಾಳಿ ಜಾಸ್ತಿ ಆದ್ರೆ ಪೆಟ್ರೋಲ್‌ ಕೂಡ ಜಾಸ್ತಿ ಬೇಕು, ಟ್ಯೂನ್ ಬದಲಾಗಬೇಕು. ಇಲ್ಲಾಂದ್ರೆ ಇಂಜಿನ್ ಒಳಗೆ ನಾಕಿಂಗ್ ಶುರು, ಪಿಸ್ಟನ್ ಕಥೆ ಮುಗೀತು. ಇಪ್ಪತ್ತು ವರ್ಷ ಹಳೇ ಟ್ರಕ್ಕು ಮೂರು ನಾಲ್ಕು ಕೈ ದಾಟಿ ಬಂದಿರುತ್ತೆ. ಯಾರು ಯಾವ ಪುಲ್ಲಿ ಹಾಕಿದ್ರು, ಟ್ಯೂನ್ ಮಾಡಿಸಿದ್ರಾ ಇಲ್ವಾ, ಹೊಸ ಮಾಲೀಕನಿಗೆ ಗೊತ್ತಿರಲ್ಲ. ಹಾಗಾಗಿ ಅವನು ಕಂಪನಿ ಸೈಜಿಗೆ ವಾಪಸ್ ಹೋಗೋಣ ಅಂತಾನೆ. ಸರಿಯಾದ ಯೋಚನೆನೇ. ಪುಲ್ಲಿ ಬರಲ್ಲ ಅನ್ನೋದೇ ತೊಂದರೆ.

ಭಾಗ 3

ಯಾಕೆ ಬರಲ್ಲ? ನಟ್ಟು ಬೋಲ್ಟು ಏನೂ ಇಲ್ಲ ಅದಕ್ಕೆ. ಪುಲ್ಲಿಯ ತೂತು ಶಾಫ್ಟ್‌ಗಿಂತ ಒಂದು ಕೂದಲು ಚಿಕ್ಕದು, ಒತ್ತಡ ಹಾಕಿ ಕೂರಿಸಿರ್ತಾರೆ. ಹಳ್ಳಿ ಕಡೆಯವರಿಗೆ ಇದು ಹೊಸದಲ್ಲ. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದು ಹೀಗೇ. ಪಟ್ಟಿಯನ್ನ ಕೆಂಪಗೆ ಕಾಯಿಸಿ ಮರದ ಚಕ್ರಕ್ಕೆ ತೊಡಿಸಿ ನೀರು ಹುಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತೆ, ವರ್ಷಗಟ್ಟಲೆ ಬಿಡಲ್ಲ. ಪುಲ್ಲಿಯನ್ನ ಹಿಡಿದಿರೋದೂ ಆ ಬಿಗಿಯೇ. ಅಂದ್ರೆ ಅದು ಹಠ ಮಾಡ್ತಿಲ್ಲ, ಅದರ ಕೆಲಸ ಅದು ಮಾಡ್ತಿದೆ.

ಕಂಪನಿ ಪುಲ್ಲಿಗಿಂತ ಹೊರಗಡೆ ಪುಲ್ಲಿ ಜಾಸ್ತಿ ಕಾಡೋದಕ್ಕೆ ಬೇರೆ ಕಾರಣಗಳೂ ಇವೆ. ತೂತಿನ ಅಳತೆ ಒಬ್ಬೊಬ್ಬ ತಯಾರಕನದು ಒಂದೊಂದು ತರ. ಸೈಜ್ ಚಿಕ್ಕದಾದಷ್ಟೂ ಪುಲ್ಲರ್ ಹಿಡಿಯೋಕೆ ಅಂಚು ಉಳಿಯಲ್ಲ. ಅಲ್ಯೂಮಿನಿಯಂ ಪುಲ್ಲಿಯನ್ನ ಸ್ಟೀಲ್ ಶಾಫ್ಟ್ ಮೇಲೆ ಎರಡು ಮೂರು ಸಲ ಹಾಕಿ ತೆಗೆದರೆ ಮೆತ್ತಗಿರೋ ಲೋಹ ಕಿತ್ತು ಶಾಫ್ಟ್‌ಗೆ ಮೆತ್ತಿಕೊಳ್ಳುತ್ತೆ. ಹಿಮ ಬೀಳೋ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ಲ, ಆ ತುಕ್ಕು ಬೇರೆ. ಎಲ್ಲಕ್ಕಿಂತ ಕೆಟ್ಟದ್ದು ಅಂಟು. ಯಾವತ್ತೋ ಪುಲ್ಲಿ ಶಾಫ್ಟ್ ಮೇಲೆ ಜಾರಿದೆ ಅಂತ ಹಳೇ ಮಾಲೀಕ ಹಸಿರು ಬಣ್ಣದ ರಿಟೇನಿಂಗ್ ಕಾಂಪೌಂಡ್ ಹಚ್ಚಿ ಕೂರಿಸಿರ್ತಾನೆ, ಮಾರುವಾಗ ಯಾರಿಗೂ ಹೇಳಿರಲ್ಲ.

ಭಾಗ 4

ಸರಿಯಾದ ದಾರಿ ಯಾವುದು ಅಂದ್ರೆ ಪುಲ್ಲರ್. ಆರ್‌ಎಕ್ಸ್ 100 ಇರೋ ಅಣ್ಣಂದಿರಿಗೆ ಮ್ಯಾಗ್ನೆಟ್ ಪುಲ್ಲರ್ ಗೊತ್ತಿರುತ್ತೆ. ಮ್ಯಾಗ್ನೆಟ್‌ನ ಮಧ್ಯದಲ್ಲಿರೋ ಮರೆಗೆ ಪುಲ್ಲರ್ ತಿರುಗಿಸಿ, ನಡುವಿನ ಬೋಲ್ಟ್‌ನಿಂದ ಕ್ರ್ಯಾಂಕ್ ತುದಿ ಒತ್ತಿದರೆ ಮ್ಯಾಗ್ನೆಟ್ ಕಳಚಿ ಬರುತ್ತೆ. ಲೈಟ್ನಿಂಗ್‌ದೂ ಅದೇ ತತ್ವ. ಎರಡು ಹೋಳಿನ ಒಂದು ಕಾಲರ್ ಪುಲ್ಲಿಯ ಸುತ್ತ ಹಿಂದಿನಿಂದ ತಬ್ಬಿ ಹಿಡಿಯುತ್ತೆ, ಮಧ್ಯದ ಸ್ಕ್ರೂ ಶಾಫ್ಟ್ ತುದಿಯನ್ನ ಒತ್ತುತ್ತೆ.

ಇಲ್ಲಿ ನಿಜವಾದ ಬುದ್ಧಿವಂತಿಕೆ ಏನು ಗೊತ್ತಾ? ಪುಲ್ಲರ್ ಪುಲ್ಲಿಯನ್ನ ಎಳೆಯುತ್ತೆ, ಅಷ್ಟೇ ಬಲದಲ್ಲಿ ಶಾಫ್ಟನ್ನ ಒತ್ತುತ್ತೆ. ಎರಡೂ ಬಲ ಪುಲ್ಲಿ ಮತ್ತು ಶಾಫ್ಟ್ ನಡುವೆಯೇ ಮುಗಿದು ಹೋಗುತ್ತವೆ. ಹಿಂದಿರೋ ಬೇರಿಂಗ್‌ಗೆ ಸುದ್ದಿಯೇ ಹೋಗಲ್ಲ. ರಾಡ್ ಹಾಕಿ ಮೀಟಿದರೆ ಹಾಗಲ್ಲ. ರಾಡ್‌ಗೆ ಆನಿಕೆ ಬೇಕು, ಆ ಆನಿಕೆ ಸೂಪರ್‌ಚಾರ್ಜರ್ ಮೂತಿಯ ಅಲ್ಯೂಮಿನಿಯಂ ಎರಕ. ಪುಲ್ಲಿ ಜೊತೆ ಶಾಫ್ಟೂ ಎಳೆದುಕೊಂಡು ಬರುತ್ತೆ, ಆ ಎಳೆತವನ್ನೆಲ್ಲ ತಿನ್ನೋದು ಬೇರಿಂಗ್. ಸುತ್ತಿಗೆ ಏಟೂ ಅಷ್ಟೇ. ಹೊರಗೆ ಪುಲ್ಲಿ ಬಂತು ಅಂತ ಕುಣಿಯೋ ಹೊತ್ತಿಗೆ ಒಳಗೆ ಬೇರಿಂಗ್ ಗುಳಿ ಬಿದ್ದಿರುತ್ತೆ. ಆಗ ಗೊತ್ತಾಗಲ್ಲ. ಕೆಲವು ದಿನ ಕಳೆದ ಮೇಲೆ ಗೊರಗೊರ ಅಂತ ಸದ್ದು ಶುರುವಾಗುತ್ತೆ. ಅದನ್ನ ಯಾರೂ ರೀಲ್ ಮಾಡಿ ಹಾಕಲ್ಲ.

ಮೂರು ಕಾಲಿನ ಮಾಮೂಲಿ ಪುಲ್ಲರ್ ಬಗ್ಗೆ ಒಂದು ಮಾತು: ಅದರ ಉಗುರು ಪುಲ್ಲಿಯ ಹೊರ ಅಂಚನ್ನ ಮೂರೇ ಕಡೆ ಹಿಡಿಯುತ್ತೆ. ಅಲ್ಯೂಮಿನಿಯಂ ಅಂಚು ಮುರಿದು ಕೈಗೆ ಬರುತ್ತೆ, ಪುಲ್ಲಿ ಅಲ್ಲೇ ಇರುತ್ತೆ. ಆಮೇಲೆ ಸರಿಯಾದ ಪುಲ್ಲರ್ ತಂದ್ರೂ ಹಿಡಿಯೋಕೆ ಅಂಚಿರಲ್ಲ.

ಭಾಗ 5

"ಕಾಯಿಸು, ಬರುತ್ತೆ" ಅನ್ನೋರಿಗೆ. ಅರ್ಧ ಸತ್ಯ. ಅಲ್ಯೂಮಿನಿಯಂ ಕಾದಾಗ ಸ್ಟೀಲ್‌ಗಿಂತ ಸುಮಾರು ಎರಡರಷ್ಟು ಹಿಗ್ಗುತ್ತೆ. 25 ಮಿಲಿಮೀಟರ್ ತೂತು ಅಂದುಕೊಂಡರೆ, ಪುಲ್ಲಿ ಮಾತ್ರ 100 ಡಿಗ್ರಿ ಜಾಸ್ತಿ ಕಾದಾಗ ತೂತು ಸುಮಾರು 0.06 ಮಿಲಿಮೀಟರ್ ಹಿಗ್ಗುತ್ತೆ. ಇಂಥ ಬಿಗಿ ಜೋಡಣೆಯಲ್ಲಿ ಅದು ದೊಡ್ಡ ಸಂಖ್ಯೆ. ಹಾಗಾಗಿ ಪುಲ್ಲರ್ ಬಿಗಿ ಮಾಡಿಟ್ಟು, ಹೀಟ್ ಗನ್ ಹಿಡಿದು ಪುಲ್ಲಿಯನ್ನ ಬೇಗ ಬಿಸಿ ಮಾಡಿದರೆ ನನ್ನ ತಕರಾರಿಲ್ಲ.

ಟಾರ್ಚ್ ಮಾತ್ರ ಬೇಡ. ಪುಲ್ಲಿಯ ಹಿಂದೆಯೇ ರಬ್ಬರ್ ಜಾತಿಯ ಆಯಿಲ್ ಸೀಲ್ ಇದೆ, ಅದರ ಹಿಂದೆ ಎಣ್ಣೆ. ಆ ಹಸಿರು ಅಂಟು ಮೆತ್ತಗಾಗಬೇಕಂದ್ರೆ ಸುಮಾರು 250 ಡಿಗ್ರಿ ಬೇಕು. ಅಷ್ಟೊತ್ತಿಗೆ ಸೀಲ್ ಬೆಂದು ಹೋಗಿರುತ್ತೆ. ಅಂಟು ಹಾಕಿದ ಪುಲ್ಲಿಯನ್ನ ಬೆಂಕಿಯಿಂದ ಗೆಲ್ತೀನಿ ಅನ್ನೋದು ಮನೆಯಲ್ಲಿ ಇಲಿ ಇದೆ ಅಂತ ಮನೆಗೇ ಬೆಂಕಿ ಹಚ್ಚಿದ ಹಾಗೆ.

ಭಾಗ 6

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಸಂಕ್ ಕಾಸ್ಟ್. ಕ್ಲಾಸಲ್ಲಿ ಎಲ್ರೂ ಬರೆದುಕೊಂಡಿದ್ದೀರ: ಆಗಲೇ ಖರ್ಚಾದ, ವಾಪಸ್ ಬರದ ಹಣ ಮುಂದಿನ ನಿರ್ಧಾರಕ್ಕೆ ಲೆಕ್ಕಕ್ಕಿಲ್ಲ. ಪುಲ್ಲಿಗೆ ಕೊಟ್ಟ ದುಡ್ಡು ಹೋಯ್ತು. ತೆಗೆದ ಮೇಲೆ ಅದನ್ನ ಮತ್ತೆ ಹಾಕೋದೂ ಇಲ್ಲ, ಕಪಾಟಲ್ಲಿ ಧೂಳು ತಿನ್ನುತ್ತೆ. ಬೆಲೆ ಇರೋದು ಶಾಫ್ಟ್‌ಗೆ, ಸೀಲ್‌ಗೆ, ಬೇರಿಂಗ್‌ಗೆ, ಆ ಎರಡು ರೋಟರ್ ನಡುವಿನ ಕೂದಲೆಳೆ ಜಾಗಕ್ಕೆ. ಬಿಸಾಡೋ ವಸ್ತು ಉಳಿಸೋಕೆ ಹೋಗಿ ಉಳಿಸಬೇಕಾದ್ದನ್ನ ಒಡೆಯೋದು ಯಾವ ಲೆಕ್ಕ?

"ಹಳೇ ಕಾಲದ ಪುಲ್ಲಿ, ಈಗ ಸಿಗಲ್ಲ" ಅಂತ ಯಾರಾದ್ರೂ ಹೇಳಬಹುದು. ಸರಿ, ಹಾಗಿದ್ರೆ ಮೂತಿಯ ಬೋಲ್ಟ್ ಬಿಚ್ಚಿ ಆ ಭಾಗ ಮಾತ್ರ ಮಷಿನ್ ಶಾಪ್‌ಗೆ ಕೊಂಡುಹೋಗಿ, ಪುಲ್ಲಿಗೆ ಹಿಂದಿನಿಂದ ಆಧಾರ ಕೊಟ್ಟು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಶಾಫ್ಟನ್ನ ಒತ್ತಿಸಿ. ಒಳಗಿನ ಎಣ್ಣೆ ಚೆಲ್ಲುತ್ತೆ, ಹೊಸದು ಹಾಕಬೇಕು, ಅಷ್ಟೇ. ಅದಕ್ಕೂ ಬರದಿದ್ದರೆ ಕೊಯ್ಯಿರಿ.

ಕೊಯ್ಯೋದಕ್ಕೂ ಒಂದು ಕ್ರಮ ಇದೆ. ಬೆಲ್ಟ್ ತೆಗೆಯೋ ಮೊದಲೇ ಪುಲ್ಲಿಯ ಮುಖದಿಂದ ಶಾಫ್ಟ್ ತುದಿಗೆ ಎಷ್ಟು ದೂರ, ಬೆಲ್ಟ್‌ನ ಗೆರೆ ಎಲ್ಲಿ ಬರುತ್ತೆ ಅಂತ ಕ್ಯಾಲಿಪರ್ ಹಿಡಿದು ಬರೆದಿಟ್ಟುಕೊಳ್ಳಿ. ಸುತ್ತಮುತ್ತ ಬಟ್ಟೆ ಮುಚ್ಚಿ, ಲೋಹದ ಪುಡಿ ಸೀಲ್ ಕಡೆ ಹೋಗಬಾರದು. ಶಾಫ್ಟ್ ಉದ್ದಕ್ಕೆ ಒಂದೇ ಗೆರೆ, ಸಣ್ಣ ಕಟಿಂಗ್ ವೀಲ್, ಕಣ್ಣಿಗೆ ಕನ್ನಡಕ. ಶಾಫ್ಟ್ ಮುಟ್ಟೋ ಮೊದಲು, ಕಾಗದದಷ್ಟು ಲೋಹ ಉಳಿದಿರುವಾಗಲೇ ನಿಲ್ಲಿಸಬೇಕು. ಆಮೇಲೆ ಆ ಸೀಳಿಗೆ ಚಪ್ಪಟೆ ಉಳಿ ಇಟ್ಟು ತಿರುಚಿದರೆ ಪುಲ್ಲಿ ಬಾಯಿ ಬಿಡುತ್ತೆ. ಬಿಗಿ ಹೋಯ್ತು ಅಂದ್ರೆ ಕೈಯಲ್ಲೇ ಜಾರಿ ಬರುತ್ತೆ. ಸ್ಟೀಲ್ ಪುಲ್ಲಿ ಆದ್ರೆ ಇದೇ ಕೆಲಸಕ್ಕೆ ತಾಳ್ಮೆ ಜಾಸ್ತಿ ಬೇಕು.

ನನ್ನ ಸಿಟ್ಟು ಇರೋದು ಮಾರೋರ ಮೇಲೆ. ಎಷ್ಟು ಹಾರ್ಸ್‌ಪವರ್ ಹೆಚ್ಚುತ್ತೆ ಅಂತ ದಪ್ಪಕ್ಷರದಲ್ಲಿ ಹಾಕ್ತಾರೆ, ತೆಗೆಯೋದು ಹೇಗೆ ಅಂತ ಒಂದು ಸಾಲೂ ಇರಲ್ಲ. ಹಬ್ ಒಂದನ್ನೇ ಒತ್ತಿ ಕೂರಿಸಿ, ಪುಲ್ಲಿಯನ್ನ ಅದಕ್ಕೆ ಸ್ಕ್ರೂ ಹಾಕಿ ಕಟ್ಟೋ ವ್ಯವಸ್ಥೆಯೂ ಇದೆ. ಸೈಜ್ ಬದಲಿಸೋಕೆ ಸ್ಕ್ರೂ ಬಿಚ್ಚಿದರೆ ಸಾಕು. ಹಬ್‌ಗೇ ಜಾಗ ಹೋಗೋದ್ರಿಂದ ತೀರಾ ಚಿಕ್ಕ ಸೈಜ್ ಮಾಡೋಕೆ ಆಗಲ್ಲ, ಅದು ನಿಜ. ಆದ್ರೆ ತೀರಾ ಚಿಕ್ಕ ಪುಲ್ಲಿಯಲ್ಲಿ ಬೆಲ್ಟ್‌ಗೆ ಹಿಡಿತ ಸಿಗದೆ ಜಾರೋದೂ ಅಷ್ಟೇ ನಿಜ. ಹೊಸದಾಗಿ ಹಾಕೋರಿಗೆ ನನ್ನ ಓಟು ಹಬ್‌ಗೇ.

ಹೊಸ ಪುಲ್ಲಿ ಕೂರಿಸುವಾಗಲೂ ಸುತ್ತಿಗೆ ಮುಟ್ಟಬೇಡಿ, ಒಂದೊಂದು ಏಟೂ ನೇರ ಬೇರಿಂಗ್‌ಗೇ ಹೋಗುತ್ತೆ. ಶಾಫ್ಟನ್ನ ನಯವಾದ ಎಮರಿ ಕಾಗದದಿಂದ ಒರೆಸಿ, ಕೈಯಲ್ಲಿ ತಿರುಗಿಸಿ ಸದ್ದು ಕೇಳಿ, ಆಮೇಲೆ ಪ್ರೆಸ್ ಟೂಲ್. ಬರೆದಿಟ್ಟ ಅಳತೆಗೇ ನಿಲ್ಲಿಸಿ, ಒಂದೆರಡು ಮಿಲಿಮೀಟರ್ ಆಚೀಚೆ ಆದ್ರೂ ಬೆಲ್ಟ್ ಗೆರೆ ತಪ್ಪಿ ಸವೆಯೋಕೆ ಶುರು. ಬೆಲ್ಟ್ ಜಾರೋದರ ಬಗ್ಗೆ ಮುಂದಿನ ಪೋಸ್ಟ್. ಕೊಯ್ಯೋದು ತಪ್ಪು ಅನ್ನೋರು ಕೆಳಗೆ ಬನ್ನಿ, ಕಾರಣ ಸಮೇತ ಬನ್ನಿ.

#ಗಾಡಿಲೆಕ್ಕ #ಬಿಕಾಂಗ್ಯಾರೇಜ್