ಫ್ರಿಜ್ಜಿನೊಳಗಿನ ನೂರು ಗ್ರಾಂ ಅನಿಲ

ಪರಿಸರದ ಮಾತಾಡುವ ನಮ್ಮ ಬಳಗಗಳಲ್ಲಿ ಫ್ರಿಜ್ಜಿಗೆ ಒಳ್ಳೆಯ ಹೆಸರಿಲ್ಲ. ‘ತಂಗಳು ಪೆಟ್ಟಿಗೆ’ ಎಂಬ ಗೇಲಿ ಅದಕ್ಕೆ ಅಂಟಿಕೊಂಡು ದಶಕಗಳೇ ಕಳೆದವು. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟೆ ಕಟ್ಟಿ ಊರುಗಳನ್ನು ಮುಳುಗಿಸಿದ್ದು ಯಾರ ಮನೆಯ ಫ್ರಿಜ್ಜು ಓಡಲೆಂದು ಎಂಬ ಪ್ರಶ್ನೆ ಸಭೆಗಳಲ್ಲಿ ಆಗಾಗ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಳುವವರ ಅಡುಗೆಮನೆಯಲ್ಲೂ ಇಂದು ಅದೇ ಪೆಟ್ಟಿಗೆ ನಿಂತಿದೆ. ಅದನ್ನು ಕುರಿತು ಮುಜುಗರಪಟ್ಟು ಸುಮ್ಮನಿರುವುದರಿಂದ ಆಡಲೇಬೇಕಾದ ಒಂದು ಮಾತು ಬಿಟ್ಟುಹೋಗಿದೆ. ವರ್ಷವಿಡೀ ವಿದ್ಯುತ್ತನ್ನು ಉಂಡು ಮಾಡುವಷ್ಟು ಹಾನಿಯನ್ನು ಫ್ರಿಜ್ಜು ಒಂದೇ ನಿಮಿಷದಲ್ಲಿ ಮಾಡಬಲ್ಲದು, ಅದರ ಕೊಳವೆಗೆ ತೂತು ಬಿದ್ದಾಗ.

ಮಲೆನಾಡಿನ ಮನೆಗೆ ಫ್ರಿಜ್ಜೇ ಬೇಡ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಒದ್ದೆ ಮರಳಿನ ನಡುವೆ ಮಡಕೆಯಿಟ್ಟು ತರಕಾರಿ ತಣ್ಣಗಿಡುವ ವಿಧಾನವನ್ನು ನಮ್ಮ ಶಿಬಿರಗಳಲ್ಲಿ ಬಹಳ ಉತ್ಸಾಹದಿಂದ ತೋರಿಸುತ್ತಾರೆ. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಅದು ತಣಿಯುತ್ತದೆ. ಬಯಲುಸೀಮೆಯ ಒಣ ಬೇಸಿಗೆಗೆ ಅದು ಹೇಳಿಮಾಡಿಸಿದ್ದು. ನಮ್ಮ ಆಷಾಢದಲ್ಲಿ ಗಾಳಿಯ ತೇವಾಂಶ ಶೇಕಡಾ 95ರ ಆಸುಪಾಸಿನಲ್ಲಿರುವಾಗ ನೀರು ಆವಿಯಾಗುವುದೇ ಇಲ್ಲ. ಮಡಕೆ ತಣಿಯುವುದು ಹೆಚ್ಚೆಂದರೆ ಒಂದು ಡಿಗ್ರಿ. ಬಟ್ಟೆಯೇ ವಾರಗಟ್ಟಲೆ ಒಣಗದ ಊರಿನಲ್ಲಿ ಮಡಕೆಯನ್ನು ನಂಬಿ ಕೂರಲಾಗದು. ಹಾಲು, ಮೊಸರು, ರುಬ್ಬಿದ ಹಿಟ್ಟು ಉಳಿಸಿಕೊಳ್ಳಲು ದಿನಕ್ಕೆರಡು ಸಲ ಒಲೆಯ ಮುಂದೆ ನಿಲ್ಲಬೇಕಾದವರು ಯಾರೆಂಬುದನ್ನೂ ‘ತಂಗಳು ಪೆಟ್ಟಿಗೆ’ ಎಂದು ನಗುವ ಗಂಡಸರು ಯೋಚಿಸಬೇಕು. ಇನ್ನು, ಬಳಕೆಗೆ ತೆಗೆಯದ ಇನ್ಸುಲಿನ್ ಬಾಟಲಿ 2ರಿಂದ 8 ಡಿಗ್ರಿಯ ನಡುವೆಯೇ ಇರಬೇಕು. ಅದನ್ನು ಫ್ರೀಜರಿಗೆ ತಾಗಿಸಿ ಇಡಕೂಡದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಈಗ ಅನಿಲದ ವಿಚಾರ. ಫ್ರಿಜ್ಜಿನ ಕೊಳವೆಯೊಳಗೆ ಸುತ್ತುತ್ತ ಒಳಗಿನ ಶಾಖವನ್ನು ಹೊರಗೆ ಒಯ್ಯುವ ಅನಿಲ ಮೂರು ತಲೆಮಾರು ಕಂಡಿದೆ. ಮೊದಲನೆಯದು ಆರ್-12. ಓಜೋನ್ ಪದರವನ್ನು ಕೊರೆಯುವ ಈ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದ ಹೊರಹಾಕಿತು. 2010ರ ನಂತರ ನಮ್ಮ ದೇಶದಲ್ಲಿ ಫ್ರಿಜ್ಜುಗಳಿಗಾಗಿ ಅದರ ತಯಾರಿಕೆಯಿಲ್ಲ. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ತೊಂದರೆ ಕೊಡದಿದ್ದರೂ, ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ 1430 ಪಟ್ಟು. ಮೂರನೆಯದು ಆರ್-600ಎ, ಅಂದರೆ ಐಸೊಬ್ಯೂಟೇನ್. ಇದು ಅಡುಗೆ ಅನಿಲದ ಬಂಧು. ಬಿಸಿಯೇರಿಸುವ ಶಕ್ತಿ ಬರೀ 3ರಷ್ಟು.

ಹಳೆಯ ಒಂದು ಬಾಗಿಲಿನ ಫ್ರಿಜ್ಜಿನಲ್ಲಿ ಆರ್-134ಎ ಸುಮಾರು ನೂರು ಗ್ರಾಂ ಇರುತ್ತದೆ. ಅಷ್ಟೂ ಹೊರಬಿದ್ದರೆ 143 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕಿಲೋ ಎಂದು ಹಿಡಿದರೆ ಇದು 200 ಯೂನಿಟ್ಟಿನಷ್ಟಾಯಿತು, ಅಂದರೆ ಅಂಥ ಫ್ರಿಜ್ಜಿನ ಹೆಚ್ಚುಕಡಿಮೆ ಒಂದು ವರ್ಷದ ಖರ್ಚು. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಇನ್ನೂ ಹಳೆಯ ಪೆಟ್ಟಿಗೆಯಲ್ಲಿ ಅಷ್ಟೇ ಆರ್-12 ಉಳಿದಿದ್ದರೆ ಅದು ಒಂದು ಟನ್ನನ್ನೂ ಮೀರುತ್ತದೆ. ಬಲ್ಬು ಆರಿಸಿ ಉಳಿಸಿದ ಯೂನಿಟ್ಟುಗಳನ್ನೆಲ್ಲ ಅಳಿಸಿಹಾಕಲು ಇದೊಂದೇ ಸಾಕು.

ಈ ಅನಿಲ ಹೊರಬೀಳುವ ಬಗೆ ಅತ್ಯಂತ ಸಾಮಾನ್ಯವಾದದ್ದು. ಫ್ರೀಜರಿನಲ್ಲಿ ಮಂಜು ಕಟ್ಟಿ ಪಾತ್ರೆ ಅಂಟಿಕೊಂಡಿದೆ, ನೆಂಟರು ಬಂದಿದ್ದಾರೆ, ಕೈಗೆ ಸಿಕ್ಕ ಚೂರಿಯಿಂದ ಮಂಜನ್ನು ಕೆತ್ತುತ್ತೇವೆ. ಫ್ರೀಜರಿನ ಗೋಡೆ ತೆಳು ಅಲ್ಯೂಮಿನಿಯಂ, ಅನಿಲ ಹರಿಯುವ ಕಾಲುವೆಗಳು ಅದರಲ್ಲೇ ಇವೆ. ‘ಸುಯ್’ ಎಂಬ ಸದ್ದು ಕೇಳಿತೆಂದರೆ ಮುಗಿಯಿತು. ಮಳೆಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ತೇವದ ಗಾಳಿ ಒಳನುಗ್ಗುವುದರಿಂದ ನಮ್ಮಲ್ಲಿ ಮಂಜು ಕಟ್ಟುವುದೂ ಬೇಗ. ಅರ್ಧ ಸೆಂಟಿಮೀಟರ್ ದಪ್ಪವಾಗುವುದರೊಳಗೆ ಸ್ವಿಚ್ಚು ಆರಿಸಿ, ಬಾಗಿಲು ತೆರೆದು, ಬಿಸಿನೀರಿನ ಪಾತ್ರೆಯೊಂದನ್ನು ಒಳಗಿಟ್ಟರೆ ಮಂಜು ತಾನಾಗಿ ಕಳಚುತ್ತದೆ. ಚೂರಿ, ಸಟ್ಟುಗ, ಸ್ಕ್ರೂಡ್ರೈವರ್ ಯಾವುದೂ ಬೇಡ.

ಎರಡನೆಯ ಸೋರಿಕೆ ರಿಪೇರಿಯಲ್ಲಿ. ಉಳಿದ ಅನಿಲವನ್ನು ಸಿಲಿಂಡರಿಗೆ ಹಿಡಿದಿಟ್ಟುಕೊಳ್ಳುವ ಯಂತ್ರವಿದ್ದರೂ ಹಳ್ಳಿಗೆ ಬರುವ ಮೆಕ್ಯಾನಿಕ್ಕನ ಕೈಯಲ್ಲಿ ಅದಿರುವುದಿಲ್ಲ. ಕೊಳವೆ ಕತ್ತರಿಸಿ ಗಾಳಿಗೆ ಬಿಟ್ಟು ಹೊಸದಾಗಿ ತುಂಬುತ್ತಾನೆ. ತಪ್ಪು ಅವನದೆನ್ನಲಾರೆ, ಅವನಿಗೆ ಯಂತ್ರವನ್ನೂ ಕೊಟ್ಟಿಲ್ಲ, ತರಬೇತಿಯನ್ನೂ ಕೊಟ್ಟಿಲ್ಲ. ಆರ್-600ಎ ಇರುವ ಫ್ರಿಜ್ಜಾದರೆ ಅಪಾಯ ಬೇರೆ ಬಗೆಯದು. ಅನಿಲ ಹೊತ್ತಿಕೊಳ್ಳುವಂಥದ್ದು, ಹೊಗೆಯೊಲೆ ಉರಿಯುವ ಅಡುಗೆಮನೆಯಲ್ಲಿ ಅದರ ಕೊಳವೆ ಬಿಚ್ಚಲು ಯಾರಿಗೂ ಬಿಡಬಾರದು. ಅದಕ್ಕೆ ಬೇರೆ ಅನಿಲ ತುಂಬಿ ‘ನಡೆಯುತ್ತದೆ’ ಎನ್ನುವವರನ್ನು ದೂರವಿಡುವುದೇ ಮೇಲು. ಮೂರನೆಯ ಸೋರಿಕೆ ಗುಜರಿಯಲ್ಲಿ. ತಾಮ್ರಕ್ಕಾಗಿ ಕಂಪ್ರೆಸರನ್ನು ಕತ್ತರಿಸುತ್ತಾರೆ, ಅನಿಲ ಹೋಗುತ್ತದೆ. ಗೋಡೆಯೊಳಗಿನ ಫೋಮನ್ನು ಹಳ್ಳದ ಬದಿಗೆ ಸುಡುತ್ತಾರೆ. ಹಳೆಯ ಫ್ರಿಜ್ಜುಗಳ ಫೋಮಿನೊಳಗೂ ಇದೇ ಜಾತಿಯ ಅನಿಲಗಳಿವೆ.

ಕೊಳ್ಳುವಾಗ ನಕ್ಷತ್ರಗಳನ್ನು ಎಣಿಸುವಂತೆಯೇ ಅನಿಲದ ಹೆಸರನ್ನೂ ಓದಬೇಕು. ನಾಲ್ಕೈದು ಜನರ ಮನೆಗೆ 200 ಲೀಟರಿನ ಆಸುಪಾಸಿನದು ಸಾಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ದೊಡ್ಡ ಪೆಟ್ಟಿಗೆಗಳತ್ತ ಕೈ ಚಾಚುವುದು ಹೆಚ್ಚಿದೆ. ಬಿಲ್ಲು ಸೊನ್ನೆಯಾದರೂ ವಿದ್ಯುತ್ತಿನ ಬೆಲೆಯನ್ನು ಯಾವುದೋ ಕಣಿವೆ ತೆರುತ್ತಲೇ ಇರುತ್ತದೆ.

ಮನೆಗೆ ತರುವಾಗ ಘಾಟಿಯ ರಸ್ತೆಯಲ್ಲಿ ಜೀಪಿನಲ್ಲಿ ಮಲಗಿಸಿ ತಂದಿದ್ದರೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಚಾಲೂ ಮಾಡಬೇಕು, ಕಂಪ್ರೆಸರಿನ ಎಣ್ಣೆ ಇಳಿಯಲೆಂದು. ಒಲೆಯಿಂದ ದೂರ, ಗೋಡೆಯಿಂದ ಗೇಣಿನಷ್ಟು ಅಂತರ. ಸೌದೆ ಒಲೆಯ ಮನೆಗಳಲ್ಲಿ ಹಿಂಬದಿಯ ಕೊಳವೆಗಳಿಗೆ ಇಲ್ಲಣ ಹಿಡಿದು ಶಾಖ ಹೊರಹೋಗದಂತಾಗುತ್ತದೆ; ವರ್ಷಕ್ಕೆರಡು ಸಲ ಪ್ಲಗ್ಗು ಕಿತ್ತು ಬ್ರಷ್ಷಿನಿಂದ ಉಜ್ಜಬೇಕು. ಬಾಗಿಲಿನ ರಬ್ಬರಿಗೆ ಬೂಷ್ಟು ಬಂದರೆ ಸೋಪಿನ ನೀರಿನಲ್ಲಿ ಒರೆಸಿ ಒಣಗಿಸುವುದು. ಕಾಗದದ ಚೂರೊಂದನ್ನು ಬಾಗಿಲಿಗೆ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ರಬ್ಬರು ಸೋತಿದೆಯೆಂದೇ ಅರ್ಥ. ಹಿಂದಿನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಡೆಂಗಿ ಸೊಳ್ಳೆಗೆ ಅದು ಒಳ್ಳೆಯ ತೊಟ್ಟಿಲು. ಲೈನಿನ ಕೊನೆಯಲ್ಲಿರುವ ಮನೆಗಳಿಗೆ ಸ್ಟೆಬಿಲೈಜರ್ ಅಗತ್ಯ, ಅದೂ ಕರೆಂಟು ಬಂದ ಮೂರು ನಿಮಿಷದ ನಂತರ ಹತ್ತುವಂಥದ್ದು. ಜಂಬಿಟ್ಟಿಗೆ ನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ. ನೀರು ಹನಿಸಲು ಮರೆತ ಮನೆಯಲ್ಲಿ ಒದ್ದೆ ಕಾಲಲ್ಲಿ ಫ್ರಿಜ್ಜಿನ ಬಾಗಿಲು ಹಿಡಿಯುವುದು ಜೀವದ ಪ್ರಶ್ನೆ.

ಫ್ರೀಜರಿನ ಮೇಲೆ ನಮ್ಮವರಿಗೆ ಅತಿಯಾದ ನಂಬಿಕೆ. ಹಲಸಿನ ತೊಳೆ, ಮಾವಿನ ರಸ ಎಲ್ಲವನ್ನೂ ವರ್ಷಕ್ಕಾಗುವಷ್ಟು ತುಂಬುತ್ತಾರೆ. ತಿಂಗಳುಗಟ್ಟಲೆ ಇಡಲು ಮೈನಸ್ 18 ಡಿಗ್ರಿ ಬೇಕು. ಒಂದು ಬಾಗಿಲಿನ ಅನೇಕ ಫ್ರಿಜ್ಜುಗಳು ಅಲ್ಲಿಗೆ ಮುಟ್ಟುವುದಿಲ್ಲ. ಮರ ಬಿದ್ದು ತಂತಿ ಹರಿದರೆ ಮೂರು ದಿನ ಕತ್ತಲೆ. ತುಂಬಿದ, ಬಾಗಿಲು ತೆರೆಯದ ಒಳ್ಳೆಯ ಫ್ರೀಜರು ಎರಡು ದಿನ ತಡೆದೀತು, ಅರ್ಧ ತುಂಬಿದ್ದು ಒಂದೇ ದಿನ. ಕೆಳಗಿನ ಅಂಕಣಕ್ಕೆ ನಾಲ್ಕು ಗಂಟೆಯ ಭರವಸೆ ಮಾತ್ರ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯವಿಡಿ. ನೀವು ಊರಿಂದ ಮರಳಿದಾಗ ನಾಣ್ಯ ತಳದಲ್ಲಿದ್ದರೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿದು ಹೊರಹಾಕಿ. ಹಪ್ಪಳ, ಉಪ್ಪಿನಲ್ಲಿಟ್ಟ ಅಪ್ಪೆಮಿಡಿ, ಒಣಗಿಸಿದ ಮುರುಗಲು ಸಿಪ್ಪೆಗಳಿಗೆ ಈ ಆತಂಕವಿಲ್ಲ. ಬಾಳೆಹಣ್ಣು 12 ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತದೆ. ಅಟ್ಟಕ್ಕೆ ಬಾಳೆನಾರಿನಲ್ಲಿ ತೂಗಿದ ಮೊಗೆಕಾಯಿ ಫ್ರಿಜ್ಜಿನಲ್ಲಿಟ್ಟದ್ದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ನರ್ಸರಿ ಮಾಡುವ ಗೆಳೆಯರಿಗೊಂದು ಮಾತು: ಹಲಸು, ಮುರುಗಲು ಬೀಜಗಳನ್ನು ಫ್ರಿಜ್ಜಿನಲ್ಲಿ ಕೂಡಿಡಬೇಡಿ, ಸತ್ತುಹೋಗುತ್ತವೆ.

2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಆರ್-134ಎ ಗುಂಪಿನ ಅನಿಲಗಳನ್ನು 2047ರ ಹೊತ್ತಿಗೆ ಶೇಕಡಾ 85ರಷ್ಟು ಇಳಿಸಬೇಕು. ಆದರೆ ಈಗಾಗಲೇ ಮನೆಗಳೊಳಗಿರುವ ಅನಿಲ ಈ ಲೆಕ್ಕದ ಹೊರಗೇ ಸೋರಿಹೋಗಬಹುದು. 2022ರ ಇ-ತ್ಯಾಜ್ಯ ನಿಯಮಗಳು ಹಳೆಯ ಫ್ರಿಜ್ಜುಗಳ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆ ಹೊಣೆ ತಾಲ್ಲೂಕಿನ ಗುಜರಿ ಅಂಗಡಿಯವರೆಗೆ ಇಳಿದುಬಂದಿಲ್ಲ. ಫ್ರಿಜ್ಜು ಮಾರುವ ನಮ್ಮ ಸಹಕಾರ ಸಂಘಗಳು ತಾಲ್ಲೂಕಿಗೊಂದು ಅನಿಲ ಸಂಗ್ರಹ ಯಂತ್ರ ಕೊಂಡು ಮೆಕ್ಯಾನಿಕ್ಕರಿಗೆ ಬಾಡಿಗೆಗೆ ಕೊಡಬಹುದು. ಈ ಬೇಡಿಕೆಯನ್ನು ನಮ್ಮ ಬಳಗವೇ ಬರೆದು ಒಪ್ಪಿಸಬೇಕೆಂಬುದು ನನ್ನ ಸೂಚನೆ. ಅದಕ್ಕೆ ಮೊದಲು ಲೆಕ್ಕ ಬೇಕು. ಮುಂದಿನ ಸಭೆಗೆ ಬರುವವರು ತಮ್ಮ ಮನೆಯ ಮತ್ತು ಅಕ್ಕಪಕ್ಕದ ಎರಡು ಮನೆಗಳ ಫ್ರಿಜ್ಜಿನ ಹಿಂಬದಿಯ ಚೀಟಿಯಲ್ಲಿರುವ ಅನಿಲದ ಹೆಸರು, ತೂಕ ಮತ್ತು ಕೊಂಡ ವರ್ಷವನ್ನು ಬರೆದು ತರಬೇಕು. ಕೊಟ್ಟಿಗೆಯಲ್ಲಿ ಸೌದೆಯ ಹಿಂದೆ ನಿಂತಿರುವ ಕೆಟ್ಟ ಫ್ರಿಜ್ಜನ್ನೂ ಬಿಡಬಾರದು.