ಗುಡ್ಡ, ಹೊಳೆ, ಸೈಕಲ್ಲು ಮತ್ತು ಬರಬೇಕಾದ ಬಾಕಿ

ಸಿನಿಮಾ ವಾರಪತ್ರಿಕೆಯಲ್ಲಿ ಸೈಕಲ್ಲಿಗೇನು ಕೆಲಸ ಎಂದು ಹುಬ್ಬೇರಿಸಬೇಡಿ ಓದುಗ ಮಹಾಶಯರೇ! ನಮ್ಮ ಚಿತ್ರಗಳಲ್ಲಿ ಸೈಕಲ್ ಹತ್ತದ ನಾಯಕ ಯಾರಿದ್ದಾನೆ? ಪಲ್ಲವಿಗೆ ಪೆಡಲ್ ತುಳಿಯುತ್ತಾನೆ, ಎರಡನೇ ಚರಣಕ್ಕೆ ಎರಡೂ ಕೈ ಬಿಡುತ್ತಾನೆ, ಮುಂದಿನ ಬಾರ್ ಮೇಲೆ ನಾಯಕಿ ಕೂತಿದ್ದರೂ ಏದುಸಿರು ಬರುವುದಿಲ್ಲ. ಕಾರಣ ಏನು ಗೊತ್ತೇ? ಹಾಡಿನ ಸೈಕಲ್ಲು ಯಾವಾಗಲೂ ಇಳಿಜಾರಿನಲ್ಲೇ ಓಡುತ್ತದೆ. ಮುಂದಿನ ಟೇಕ್‌ಗೆ ಅದನ್ನು ಮತ್ತೆ ಗುಡ್ಡ ಹತ್ತಿಸುವುದು ಪ್ರೊಡಕ್ಷನ್ ಹುಡುಗರ ಕರ್ಮ!

ಈ ಗುಟ್ಟು ಬಿಟ್ಟುಕೊಟ್ಟವರು ಲೈಟ್ ಡಿಪಾರ್ಟ್‌ಮೆಂಟಿನ ನಮ್ಮ ಅಣ್ಣ. ಹೆಸರು ಬೇಡ ಬಿಡಿ, ಗಾಂಧಿನಗರದಲ್ಲಿ ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯೋದು. ವಯಸ್ಸು ಐವತ್ಮೂರು. ಮೂವತ್ತು ವರ್ಷ ಲೈಟು, ಸ್ಟ್ಯಾಂಡು, ಕೇಬಲ್ಲು ಹೊತ್ತು ಬಲ ಮೊಣಕಾಲು ಸವೆದಿದೆ. ಕಾರವಾರದಿಂದ ಮಲ್ಪೆಯವರೆಗೆ ಎಷ್ಟೋ ಸಲ ಯೂನಿಟ್ ಗಾಡಿಯಲ್ಲಿ ಹೋಗಿ ಬಂದವರು. ‘ಹಾಗಾದ್ರೆ ಸಮುದ್ರ ಚೆನ್ನಾಗಿ ನೋಡಿದ್ದೀರಿ’ ಅಂದೆ.

‘ಎಲ್ಲಿ ನೋಡೋದು ಮರಿ? ರಿಫ್ಲೆಕ್ಟರ್ ಹಿಡಿಯೋನ ಮುಖ ಹೀರೋ ಕಡೆಗೆ. ಸಮುದ್ರ ಯಾವಾಗ್ಲೂ ನನ್ನ ಬೆನ್ನ ಹಿಂದೇನೇ.’

ಎಲ್‌ಇಡಿ ದೀಪಗಳು ಬಂದ ಮೇಲೆ ಹತ್ತು ಜನ ಎತ್ತುತ್ತಿದ್ದ ಕಡೆ ಆರು ಜನ ಸಾಕಂತೆ. ಆ ಆರರಲ್ಲಿ ಐವತ್ಮೂರರ ಮೊಣಕಾಲು ಇನ್ನೆಷ್ಟು ದಿನ? ಅಣ್ಣನಿಗೂ ಗೊತ್ತು, ನನಗೂ ಗೊತ್ತು, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಜನವರಿಯಲ್ಲಿ ಎರಡು ಶೆಡ್ಯೂಲ್ ನಡುವೆ ಅವರಿಗೆ ಐದು ದಿನ ಬಿಡುವಿದೆ. ‘ಒಂದ್ಸಲ ಲೈಟ್ ಇಲ್ದೆ ಆ ಕಡೆ ಹೋಗ್ಬೇಕು. ಸೈಕಲ್ಲಲ್ಲಿ. ನೀನು ಬರ್ತೀಯ?’ ಎಂದರು. ಲೇಖನಕ್ಕಿಷ್ಟು ಎಂದು ಬದುಕುವ ನನಗೆ ಐದು ದಿನ ರಜ ಅಂದರೆ ಐದು ದಿನ ಸಂಪಾದನೆ ಖೋತಾ. ಆದರೂ ಹೂಂ ಅಂದೆ. ಯೋಜನೆಯ ಜವಾಬ್ದಾರಿಯೂ ನನ್ನ ತಲೆಗೇ ಬಂತು. ಪಿಯುಸಿಗೇ ಓದಿಗೆ ಶರಣು ಹೊಡೆದವನಾದರೂ ಭೂಗೋಳ ಮಾತ್ರ ನನಗೆ ಒಲಿದಿತ್ತು ಸ್ವಾಮಿ!

ಅಣ್ಣನ ಮೊದಲ ಆಸೆ ಆಗುಂಬೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದ ಊರು, ಯಾರಿಗೆ ಬೇಡ? ಆದರೆ ಸೋಮೇಶ್ವರದಿಂದ ಹತ್ತಿದರೆ ಹದಿನಾಲ್ಕು ಹಿಮ್ಮುರಿ ತಿರುವು. ಅತ್ತಿಗೆ ಒಳಗಿನಿಂದಲೇ ಕೂಗಿದರು: ‘ಹೋಗೋದು ಸೈಕಲ್ಲಲ್ಲಿ, ಬರೋದು ಆಂಬುಲೆನ್ಸಲ್ಲಾ?’ ಆಗುಂಬೆ ಅಲ್ಲಿಗೆ ರದ್ದು.

ಘಟ್ಟ ಬೇಡ, ಕರಾವಳಿಯ ಸಪಾಟು ರಸ್ತೆ ಸಾಕು ಎಂದುಕೊಂಡರೆ ಅಲ್ಲೇ ಮೋಸ. ಉತ್ತರ ಕನ್ನಡದ ಕರಾವಳಿ ಸಪಾಟೇ ಅಲ್ಲ. ಸಹ್ಯಾದ್ರಿಯ ಕವಲುಗಳು ಕೆಂಪು ಮುರಕಲ್ಲಿನ ಗುಡ್ಡಗಳಾಗಿ ನೇರ ಸಮುದ್ರಕ್ಕೆ ಕಾಲು ಚಾಚಿವೆ. ಒಂದು ಗುಡ್ಡ, ಅದರಾಚೆ ಒಂದು ಹೊಳೆ, ಮತ್ತೆ ಗುಡ್ಡ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಉತ್ತರದಿಂದ ಎಣಿಸುತ್ತಾ ಬನ್ನಿ. ಪ್ರತಿ ಹೊಳೆಯ ಬಾಯಿ ಇರುವುದು ಸಮುದ್ರದ ಮಟ್ಟದಲ್ಲಿ. ಅಂದರೆ ಹೊಳೆ ದಾಟಿದ ಮೇಲೆ ಏರು ಖಚಿತ. ನಕ್ಷೆಯಲ್ಲಿ ಇಪ್ಪತ್ತು ಕಿಲೋಮೀಟರ್ ಇದ್ದದ್ದು ಮೊಣಕಾಲಿನ ಲೆಕ್ಕದಲ್ಲಿ ನಲವತ್ತು! ಅದಕ್ಕೇ ನಾನು ದಿನಕ್ಕೆ ಇಷ್ಟು ಕಿಲೋಮೀಟರ್ ಅನ್ನುವ ಲೆಕ್ಕ ಬಿಟ್ಟು, ದಿನಕ್ಕೆ ಒಂದೇ ಹೊಳೆ ಎಂದು ಇಟ್ಟುಕೊಂಡೆ.

ದಿಕ್ಕು ಉತ್ತರದಿಂದ ದಕ್ಷಿಣಕ್ಕೆ. ಚಳಿಗಾಲದ ಮಧ್ಯಾಹ್ನ ಅಲ್ಲಿ ಗಾಳಿ ಸಮುದ್ರದ ಕಡೆಯಿಂದ, ವಾಯವ್ಯದಿಂದ ಬೀಸುತ್ತದೆ. ದಕ್ಷಿಣಕ್ಕೆ ಹೊರಟರೆ ಅದು ಬೆನ್ನಿಗೆ ಕೈ ಕೊಟ್ಟ ಹಾಗೆ. ಎದುರು ಹೊರಟರೆ ಸಪಾಟಿನಲ್ಲೂ ಘಟ್ಟ ಹತ್ತಿದ ಹಾಗೆ.

ಬೆಂಗಳೂರಿನಿಂದ ರಾತ್ರಿ ರೈಲು ಕುಮಟಾಕ್ಕೆ ಹೋಗುತ್ತದೆ, ನಿಜ. ಆದರೆ ಸಣ್ಣ ನಿಲ್ದಾಣದಲ್ಲಿ ಅದು ನಿಲ್ಲುವುದು ಒಂದೆರಡು ನಿಮಿಷ. ಲಗೇಜು ಡಬ್ಬಿಯಿಂದ ಎರಡು ಸೈಕಲ್ ಇಳಿಸುವ ಹೊತ್ತಿಗೆ ನಮ್ಮ ಸೈಕಲ್ಲು ಕಾರವಾರ ನೋಡಿಕೊಂಡು ಬರುತ್ತದೆ! ಬಸ್ಸೇ ವಾಸಿ. ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗೋಣಿಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಮಲಗಿಸುವುದು. ಕ್ಲೀನರ್ ಜೊತೆ ಮೊದಲೇ ಮಾತಾಡಿಕೊಳ್ಳಬೇಕು, ಚಾ ಕಾಸು ನಮ್ಮದು.

ಮೊದಲ ದಿನ ಗೋಕರ್ಣ. ಓಂ ಬೀಚಿನ ಗುಡ್ಡ ಹತ್ತಿ ನೋಡುವುದು, ಕಾಲು ಏನನ್ನುತ್ತದೋ ಕೇಳುವುದು, ಸಂಜೆ ಅಣ್ಣ ಸಮುದ್ರಕ್ಕೆ ಮುಖ ಮಾಡಿ ಕೂರುವುದು. ಆ ದಿನಕ್ಕೆ ಹೊಳೆಯೇ ಇಲ್ಲ.

ಎರಡನೇ ದಿನವೇ ಇಡೀ ಯೋಜನೆಯ ಜೀವ. ಗೋಕರ್ಣದಿಂದ ಕುಮಟಾಕ್ಕೆ ಹೆದ್ದಾರಿ ಸುತ್ತಿದರೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್, ಲಾರಿಗಳ ಮಗ್ಗುಲಲ್ಲೇ ಹೋಗಬೇಕು. ನಾವು ಆ ಕಡೆ ತಿರುಗುವುದೇ ಇಲ್ಲ. ಹತ್ತು ಕಿಲೋಮೀಟರಿನೊಳಗೆ ತದಡಿ. ಅಲ್ಲಿ ಮೀನುಗಾರಿಕೆ ಬಂದರು, ಎದುರಿಗೆ ಅಘನಾಶಿನಿ ಊರು, ನಡುವೆ ಅಘನಾಶಿನಿ ಹೊಳೆ. ಬೈಕನ್ನೇ ಹತ್ತಿಸಿಕೊಳ್ಳುವ ದೋಣಿ ಸೈಕಲ್ಲಿಗೆ ಬೇಡ ಅನ್ನುತ್ತದೆಯೇ? ಅಣೆಕಟ್ಟಿಲ್ಲದೆ ಶಿರಸಿ ಸೀಮೆಯಿಂದ ಸಮುದ್ರದ ತನಕ ಹರಿದು ಬರುವ ಹೊಳೆ ಇದು. ಇದರ ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ನೀರಿಳಿದಾಗ ಹೆಂಗಸರು ಸೊಂಟ ಬಗ್ಗಿಸಿ ಬಳಚು ಹೆಕ್ಕುತ್ತಾರೆ. ಆಚೆ ದಡದಿಂದ ಕಾಗಾಲ, ಬಾಡದ ಒಳರಸ್ತೆಯಲ್ಲಿ ಕುಮಟಾ. ಏರು ಬಂದಲ್ಲಿ ಇಳಿದು ತಳ್ಳುವುದು. ಯಾವ ಡೈರೆಕ್ಟರ್ ಬಂದು ಕಟ್ ಹೇಳುತ್ತಾನೆ?

ಮೂರನೇ ದಿನ ಕುಮಟಾದಿಂದ ಹೊನ್ನಾವರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಇಲ್ಲಿ ಮಾತ್ರ ಹೆದ್ದಾರಿ ತಪ್ಪುವುದಿಲ್ಲ. ಹಳೇ 17, ಈಗಿನ 66. ಈ ರಸ್ತೆಯ ಮೇಲೆ ನನಗೆ ಪ್ರೀತಿ ಇಲ್ಲ. ಚತುಷ್ಪಥಕ್ಕೆಂದು ಗುಡ್ಡಗಳನ್ನು ನೆಟ್ಟಗೆ ಗೋಡೆಯ ಹಾಗೆ ಕಡಿದಿದ್ದಾರೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ರಸ್ತೆಗೇ ಕುಸಿದು ಚಾ ಅಂಗಡಿ, ಜನ, ಲಾರಿ ಎಲ್ಲ ಗಂಗಾವಳಿಯ ಪಾಲಾಯಿತು. ಮೂರು ವಾರದ ಮೇಲೆ ಕಾರವಾರದಲ್ಲಿ ಕಾಳಿಯ ಹಳೇ ಸೇತುವೆ ಬಿತ್ತು. ಮಳೆಗಾಲದಲ್ಲಿ ಹಸಿರು ಚೆಂದ ಅಂತ ಸೈಕಲ್ ಹತ್ತುವವರಿಗೆ ನನ್ನದು ಕೈ ಮುಗಿದು ಒಂದೇ ಮಾತು, ಬೇಡ. ನವೆಂಬರ್ ಕಳೆಯಲಿ. ಆಗಲೂ ಬೆಳಕು ಹರಿಯುತ್ತಲೇ ಹೊರಟು, ಲಾರಿಗಳ ಗದ್ದಲ ಏರುವ ಮುಂಚೆ ಹೊನ್ನಾವರ ಸೇರಿಬಿಡಬೇಕು. ಬಿಸಿಲು ಇಳಿದ ಮೇಲೆ ಶರಾವತಿಯ ಸೇತುವೆ ದಾಟಿದರೆ ಕಾಸರಕೋಡು ಕಡಲತೀರ. ಅಲ್ಲಿಗೆ ಸೈಕಲ್ಲಿನ ಕೆಲಸ ಮುಗಿಯಿತು.

ಜಗಳ ಹತ್ತಿದ್ದು ಯಾಣದ ಮೇಲೆ. 1996ರಲ್ಲಿ ಸುನಿಲ್‌ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೇ’ ಬಂದ ಮೇಲೆ ಯಾಣದ ಆ ಕಪ್ಪು ಬಂಡೆ ನೋಡದವನು ಸಿನಿಮಾ ಮನುಷ್ಯನೇ ಅಲ್ಲ ಅನ್ನುವುದು ಅಣ್ಣನ ವಾದ. ಆ ಚಿತ್ರಕ್ಕೆ ಇವರು ಲೈಟು ಹಿಡಿದಿರಲಿಲ್ಲ, ಆ ಕೊರಗು ಇನ್ನೂ ಇದೆ. ಭೈರವೇಶ್ವರ ಶಿಖರ 120 ಮೀಟರ್, ಪಕ್ಕದ ಮೋಹಿನಿ ಶಿಖರ 90. ಕುಮಟಾದಿಂದ ಮೂವತ್ತು ಕಿಲೋಮೀಟರ್ ಚಿಲ್ಲರೆ, ಅದೂ ಘಟ್ಟದ ಕಡೆಗೆ. ‘ಸೈಕಲ್ಲಲ್ಲಿ ಸಾಧ್ಯವೇ ಇಲ್ಲ ಅಣ್ಣ’ ಅಂದೆ. ‘ಹಾಗಾದ್ರೆ ನಾನು ಬರೋದೇ ಇಲ್ಲ’ ಅಂದರು. ಎರಡು ದಿನ ಮಾತಿಲ್ಲ. ಕೊನೆಗೆ ಅತ್ತಿಗೆಯೇ ಪಂಚಾಯಿತಿ ಮಾಡಿದರು. ನಾಲ್ಕನೇ ದಿನ ಸೈಕಲ್ಲಿಗೆ ರಜ, ಕುಮಟಾಕ್ಕೆ ವಾಪಸು ಬಂದು ಯಾಣಕ್ಕೆ ಜೀಪು ಮಾಡಿಕೊಳ್ಳುವುದು. ‘ಹೀರೋ ಥರ ಜೀಪಲ್ಲಿ ಹೋಗ್ರೀ’ ಅಂದರಂತೆ.

ಅಣ್ಣನದು ಹಳೇ ಅಟ್ಲಾಸ್, ಗೇರಿಲ್ಲ. ಹೊಸ ಗೇರ್ ಸೈಕಲ್ಲಿಗೆ ದುಡ್ಡೂ ಇಲ್ಲ. ಚಾಮರಾಜಪೇಟೆಯ ಸೈಕಲ್ ಶಾಪಿನವರನ್ನು ಕೇಳಿದೆ. ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲಿದ್ದದ್ದನ್ನು 22 ಮಾಡಿ, ಚೈನಿಗೆ ಕೊಂಡಿ ಸೇರಿಸಿ ಅಂದರು. ಓಟ ಕಡಿಮೆಯಾಗುತ್ತದೆ, ಏರು ಹಗುರಾಗುತ್ತದೆ. ಸೀಟನ್ನೂ ಎತ್ತರಿಸಿದರು. ಕಾಲು ಪೂರ್ತಿ ಚಾಚದೆ ಮಡಿಸಿಕೊಂಡೇ ತುಳಿದರೆ ನೋವು ಹೆಚ್ಚಂತೆ. ಮೊಣಕಾಲು ನೋವಿರುವ ನಮ್ಮ ಓದುಗರು ಸೈಕಲ್ ಬಿಡುವ ಮುಂಚೆ ಒಂದು ಸಲ ಸೀಟು ಎತ್ತರಿಸಿ ನೋಡಿ.

ಉಳಿದದ್ದು ದುಡ್ಡು. ಕಳೆದ ಶೆಡ್ಯೂಲಿನ ಬಾಕಿ ಎಂಟು ಸಾವಿರ ಅಣ್ಣನಿಗೆ ಇನ್ನೂ ಬಂದಿಲ್ಲ. ಯಾವ ಬ್ಯಾನರ್ ಎಂದು ಬರೆಯುವುದಿಲ್ಲ. ಆ ಆಫೀಸಿನಲ್ಲಿ ಮೂರು ಸೋಮವಾರದಿಂದ ‘ಮುಂದಿನ ಸೋಮವಾರ’ ಅನ್ನುತ್ತಿದ್ದಾರೆ. ಅದೇ ಚಿತ್ರದ ಹಾಡಿನ ಬಿಡುಗಡೆಗೆ ಹೂವಿನ ಹಾರವೇ ಎಷ್ಟಾಗಿತ್ತೋ! ನನ್ನ ದುಡ್ಡು ಹಾಕುತ್ತೇನೆ ಅಂದರೆ ಅಣ್ಣ ಕೇಳುವವರಲ್ಲ. ‘ನನ್ನ ಬೆವರಿನ ದುಡ್ಡಲ್ಲೇ ಸಮುದ್ರ ನೋಡ್ಬೇಕು ಮರಿ’ ಅನ್ನುತ್ತಾರೆ.

ನಿನ್ನೆ ಸಂಜೆ ಫೋನ್ ಮಾಡಿದ್ದರು. ಗವಿಪುರದ ಏರಿನಲ್ಲಿ 22 ಹಲ್ಲಿನ ಪರೀಕ್ಷೆ ಆಯಿತಂತೆ. ‘ಇಳೀಲಿಲ್ಲ ಕಣೋ, ಮೇಲೆ ತನಕ ತುಳ್ದೆ!’ ದನಿಯಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು. ಸಂಕ್ರಾಂತಿಯ ನೂಕುನುಗ್ಗಲು ಕಳೆದ ಮಾರನೇ ವಾರಕ್ಕೆ ಬಸ್ಸಿನಲ್ಲಿ ಎರಡು ಸೀಟು ಹೇಳಿಟ್ಟಿದ್ದೇನೆ, ಒಂದಕ್ಕೆ ದುಡ್ಡು ಕಟ್ಟಿದ್ದೇನೆ. ಇನ್ನೊಂದನ್ನು ಏಜೆಂಟ್ ಸೋಮವಾರದ ತನಕ ಇಟ್ಟುಕೊಂಡಿರುತ್ತಾನಂತೆ.